ಮಂಜೂರಾದ ದುಡ್ಡು ಬೇರೆ, ಬಂದ ದುಡ್ಡು ಬೇರೆ

(ಗಡಹಿಂಗ್ಲಜದಲ್ಲಿ ಸೇರಿದ್ದ ಗಡಿಭಾಗದ ಕನ್ನಡ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಆಡುಮಾತನ್ನು ಅಲ್ಲಲ್ಲಿ ಹಾಗೇ ಉಳಿಸಿಕೊಂಡಿದ್ದೇವೆ.)

ಶಿರೋಳ, ಇಚಲಕರಂಜಿ ಕಡೆಯಿಂದ ಬಸ್ಸು ಹಿಡಿದು ಬಂದವರಿದ್ದೀರಿ. ಇಲ್ಲೇ ನೂಲ, ಹಲಕರ್ಣಿ, ಬಸರಗಿಯಿಂದ ಬೈಕಿನ ಮ್ಯಾಲೆ ಬಂದವರೂ ಇದ್ದೀರಿ. ಮಹಾಪೂರದ ಬಗ್ಗೆ ಮಾತಾಡಾಕ ಇಂಜಿನಿಯರನ್ನ ಕರೀಬೇಕಿತ್ತು, ಬ್ಯಾಂಕಿನವರನ್ನ ಯಾಕ ಕರೆದಾರ ಅಂತ ಕೆಲವರು ಆಗಲೇ ಕೇಳಿದಿರಿ. ಸರಿಯಾದ ಪ್ರಶ್ನೆ. ನಾವು ಬಿ.ಕಾಂ. ಓದಿದವರು, ಕೌಂಟರಿನ ಹಿಂದ ಕೂಡೋರು. ನೀರಿನ ಲೆಕ್ಕ ನಮಗ ತಿಳಿಯೂದಿಲ್ಲ, ರೊಕ್ಕದ ಲೆಕ್ಕ ತಿಳೀತೈತಿ. ಪೂರದ ಮಾತಿನೊಳಗ ರೊಕ್ಕದ ಲೆಕ್ಕ ಕೇಳೋರು ಕಡಿಮಿ ಅದಾರ, ಅದಕ್ಕ ಬಂದೀವಿ.

ಬ್ಯಾಂಕಿನಲ್ಲಿ ದಿನಾ ನೋಡೋ ಒಂದು ಸಂಗತಿ ಹೇಳ್ತೀವಿ. ಸಾಲ ಮಂಜೂರಾತು ಅಂತ ತಿಳಿದ ಕೂಡಲೇ ಗಿರಾಕಿ ಪೇಢೆ ತಗೊಂಡು ಬರ್ತಾನ. ಆದರೆ ಮಂಜೂರಿ ಪತ್ರ ದುಡ್ಡಲ್ಲ. ಕಾಗದಪತ್ರ ಆಗಬೇಕು, ಸಾತ್‌ಬಾರಾ ಉತಾರದ ಮೇಲೆ ಬೋಜಾ ಏರಬೇಕು, ಆಮೇಲೆ ಹಣ ಖಾತೆಗೆ ಬೀಳಬೇಕು. ಮನೆ ಸಾಲವಾದರೆ ಪಾಯ ಬಂದ ಮೇಲೆ ಇಷ್ಟು, ಸ್ಲ್ಯಾಬ್ ಬಿದ್ದ ಮೇಲೆ ಇಷ್ಟು ಅಂತ ಹಂತ ಹಂತವಾಗಿ ಬರುತ್ತದೆ. ನಮ್ಮ ಮನೆಯ ಸಾಲಕ್ಕೆ ಇದೆಲ್ಲ ನಮಗೆ ಬಾಯಿಪಾಠ. ಸರ್ಕಾರ ಪೂರ ನಿಯಂತ್ರಣಕ್ಕೆ ಇಷ್ಟು ಕೋಟಿ ಅಂದಾಗ ಮಾತ್ರ ಪತ್ರಿಕೆಯ ತುಣುಕನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಸುಮ್ಮನಾಗುತ್ತೇವೆ. ಆ ದುಡ್ಡು ಯಾವ ಹಂತದಲ್ಲಿದೆ ಅಂತ ಕೇಳುವುದಿಲ್ಲ.

ಮೊದಲು ಪೂರದ ಅಂಕಿ. ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆ 39 ಅಡಿಗೆ ಬಂದರೆ ಎಚ್ಚರಿಕೆ, 43 ಅಡಿಗೆ ಬಂದರೆ ಅಪಾಯ. ಮಳೆಗಾಲದಲ್ಲಿ ಈ ಎರಡು ಅಂಕಿ ಕ್ರಿಕೆಟ್ ಸ್ಕೋರಿನಂತೆ ಎಲ್ಲರ ಬಾಯಲ್ಲಿ ಇರುತ್ತವೆ. ರಾಧಾನಗರಿಯ 7 ಸ್ವಯಂಚಾಲಿತ ಗೇಟುಗಳಲ್ಲಿ ಎಷ್ಟು ತೆರೆದವು ಅನ್ನುವುದೂ ಹಾಗೇ. 2019ರ ಆಗಸ್ಟಿನಲ್ಲಿ ಆ ಬಂಧಾರೆಯ ಹತ್ತಿರ ನೀರು 55 ಅಡಿ ದಾಟಿತು. ನೂರು ವರ್ಷಕ್ಕೊಮ್ಮೆ ಬರೋ ಪೂರ ಇದು ಅಂದರು. ಎರಡೇ ವರ್ಷಕ್ಕೆ, 2021ರ ಜುಲೈನಲ್ಲಿ, 56 ಅಡಿ ದಾಟಿತು. ಎರಡು ಸಲವೂ ಪುಣೆ-ಬೆಂಗಳೂರು ಹೆದ್ದಾರಿ ಶಿರೋಲಿ ಹತ್ತಿರ ಬಂದಾಯಿತು. ಪಂಚಗಂಗೆ ಇಚಲಕರಂಜಿಯನ್ನು ಹಾಯ್ದು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಎರಡೂ ಹೊಳೆ ತುಂಬಿ ಬಂದಾಗ ಕುರುಂದವಾಡ, ಖಿದ್ರಾಪುರದ ಕಡೆ ನೀರು ಬೇಗ ಇಳಿಯುವುದಿಲ್ಲ. ಇಲ್ಲಿ ಗಡಹಿಂಗ್ಲಜದಲ್ಲಿ ಹಿರಣ್ಯಕೇಶಿ. ಆಂಬೋಲಿಯಲ್ಲಿ ಹುಟ್ಟಿ, ಆಜರಾ ದಾಟಿ, ನಮ್ಮೂರುಗಳ ಮಗ್ಗುಲಲ್ಲಿ ಹರಿದು ಸಂಕೇಶ್ವರಕ್ಕೆ ಹೋಗುತ್ತದೆ. ಭಡಗಾಂವ ಪೂಲಿನ ಮೇಲೆ ನೀರು ಬಂತು ಅಂದರೆ ಚಂದಗಡದ ದಾರಿ ಮುಚ್ಚಿತು. ಐನಾಪುರ, ನಿಲಜಿ, ನಾಂಗನೂರ ಬಂಧಾರೆಗಳು ಮುಳುಗಿದವು ಅನ್ನುವ ಸುದ್ದಿ ಪ್ರತಿ ವರ್ಷದ್ದು.

2019ರಲ್ಲಿ ಸರ್ಕಾರ ಪೂರಪೀಡಿತ ಕುಟುಂಬಕ್ಕೆ ಹಳ್ಳಿಯಲ್ಲಾದರೆ 10,000, ಪ್ಯಾಟಿಯಲ್ಲಾದರೆ 15,000 ರೂಪಾಯಿ ಕೊಟ್ಟಿತು. ಅದರಲ್ಲಿ 5,000 ಕೈಗೆ ರೋಖ, ಉಳಿದದ್ದು ಬ್ಯಾಂಕ್ ಖಾತೆಗೆ. ಆ ದಿನಗಳ ಸರದಿಯನ್ನು ಬ್ಯಾಂಕಿನ ಮಂದಿ ಮರೆಯೂದಿಲ್ಲ. ಪಾಸ್‌ಬುಕ್ ನೀರಿನಾಗ ನೆನೆದು ಮುದ್ದೆಯಾಗಿರ್ತಿತ್ತು. ಆಧಾರಿನೊಳಗ ಒಂದು ಹೆಸರು, ಖಾತೆಯೊಳಗ ಒಂದು ಹೆಸರು, ತಲಾಠಿಯ ಪಂಚನಾಮೆಯೊಳಗ ಮೂರನೇದು. ನಮ್ಮವರ ಹೆಸರುಗಳು ಮರಾಠಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಬರೂದ್ರೊಳಗ ಬಸಗೌಡ ಬಾಸಗೊಂಡಾ ಆಗಿರ್ತಾನ, ಮಲ್ಲವ್ವ ಮಾಲ್ವಾ ಆಗಿರ್ತಾಳ. ಹೆಸರು ಕೂಡಲಿಲ್ಲ ಅಂದರೆ ದುಡ್ಡು ವಾಪಸ್. ಒಂದು ಕೆಲಸ ಇವತ್ತೇ ಮನೆಗೆ ಹೋಗಿ ಮಾಡ್ರಿ: ಅವ್ವ, ಅಪ್ಪ, ಅಜ್ಜಿಯ ಆಧಾರ, ಪಾಸ್‌ಬುಕ್, ಸಾತ್‌ಬಾರಾ ಮೂರನ್ನೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡ್ರಿ. ಮಳೆ ಹತ್ತೂ ಮುಂಚೆ ತಿದ್ದಿಸ್ರಿ.

ಇದು ಪರಿಹಾರದ ದುಡ್ಡಿನ ಕತೆ. ಕಡಿಮೆಯೋ ಹೆಚ್ಚೋ, ಅದು ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಕ್ಯಾಮೆರಾ ಇರುತ್ತದೆ, ಮಂತ್ರಿಗಳು ಬರುತ್ತಾರೆ. ಆದರೆ ಅದು ಎಷ್ಟು ಅಂತ ಲೆಕ್ಕ ಹಾಕೋಣ. ಕೇಂದ್ರದ 2022-26ರ ನಿಯಮದ ಪ್ರಕಾರ ನೀರಾವರಿ ಬೆಳೆ ಹಾಳಾದರೆ ಹೆಕ್ಟೇರಿಗೆ 17,000 ರೂಪಾಯಿ, ಅದೂ 33 ಪ್ರತಿಶತಕ್ಕಿಂತ ಹೆಚ್ಚು ಹಾಳಾಗಿದ್ದರೆ, 2 ಹೆಕ್ಟೇರ್ ಮಿತಿಗೆ. ಹೆಕ್ಟೇರಿಗೆ 17,000 ಅಂದರೆ ಎಕರೆಗೆ ಸುಮಾರು 6,880, ಗುಂಟೆಗೆ 172 ರೂಪಾಯಿ. ಎಕರೆಗೆ 40 ಟನ್ ಕಬ್ಬು, ಟನ್ನಿಗೆ 3,000 ಅಂತ ಹಿಡಿದರೆ ಬೆಳೆಯ ಬೆಲೆ 1 ಲಕ್ಷ 20 ಸಾವಿರ. ರಾಜ್ಯ ಸರ್ಕಾರ ಕೆಲವು ಸಲ ತನ್ನ ಕಡೆಯಿಂದ ಹೆಚ್ಚು ಸೇರಿಸುತ್ತದೆ, ಖರೆ. ಸೇರಿಸಿದರೂ ಹಾಳಾದದ್ದು ತುಂಬುವುದಿಲ್ಲ. ಇಚಲಕರಂಜಿಯಲ್ಲಿ ಮಗ್ಗದ ಮೋಟರಿಗೆ ನೀರು ಹೊಕ್ಕವರನ್ನು ಕೇಳ್ರಿ, ಅವರ ಲೆಕ್ಕ ಇನ್ನೂ ಬ್ಯಾರೆ.

ಹಂಗಾದ್ರ ಪೂರ ಬರದಂಗ, ಬಂದರೂ ಹಾನಿ ಕಡಿಮಿ ಆಗೂ ಹಂಗ ಮಾಡೂ ದುಡ್ಡು ಎಲ್ಲಿ ಐತಿ? ಐತಿ. ಎಲ್ಲಿ ಅಂತ ತೋರಿಸ್ತೀವಿ.

15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಐದು ವರ್ಷಕ್ಕೆ ರಾಜ್ಯಗಳ ವಿಪತ್ತು ನಿಧಿಯನ್ನು ಎರಡು ಪಾಲು ಮಾಡಿತು. 100 ರೂಪಾಯಿಯಲ್ಲಿ 80 ಪರಿಹಾರಕ್ಕೆ, 20 ಹಾನಿ ತಗ್ಗಿಸುವ ಕೆಲಸಕ್ಕೆ. ನಮ್ಮಂಥ ರಾಜ್ಯಗಳಲ್ಲಿ 75 ಪಾಲು ಕೇಂದ್ರದ್ದು, 25 ರಾಜ್ಯದ್ದು. ಮಹಾರಾಷ್ಟ್ರಕ್ಕೆ 2021-22ರಲ್ಲಿ ಒಟ್ಟು 4,296 ಕೋಟಿ. ಅದರ 20 ಪ್ರತಿಶತ ಅಂದರೆ 859 ಕೋಟಿ 20 ಲಕ್ಷ. 36 ಜಿಲ್ಲೆಗೆ ಸರಿಯಾಗಿ ಹಂಚಿದರೆ ಜಿಲ್ಲೆಗೆ 24 ಕೋಟಿಯ ಹತ್ತಿರ. ಹಂಚುವುದು ಹಾಗಲ್ಲ, ಅಳತೆ ಸಿಗಲಿ ಅಂತ ಹೇಳಿದ್ದು. ಇಡೀ ಜಿಲ್ಲೆಗೆ 24 ಕೋಟಿಯಲ್ಲಿ ದೊಡ್ಡ ಧರಣ ಕಟ್ಟಲು ಆಗುವುದಿಲ್ಲ.

ಕಟ್ಟಬೇಕಾಗಿಯೂ ಇಲ್ಲ. ಇಲ್ಲಿ ಸ್ವಲ್ಪ ಗಮನ ಕೊಡ್ರಿ, ನಾವು ಬಂದಿದ್ದೇ ಈ ಮಾತು ಹೇಳಾಕ. ಆ ಆಯೋಗದ ವರದಿಯಲ್ಲೇ ಬರೆದಿದ್ದಾರೆ: ಈ 20 ಪ್ರತಿಶತ ದುಡ್ಡು ಊರುಮಟ್ಟದ, ಜನರೇ ಪಾಲ್ಗೊಳ್ಳುವ ಕೆಲಸಗಳಿಗೆ. ದೊಡ್ಡ ತಡೆಗೋಡೆ, ಪ್ರವಾಹದ ಒಡ್ಡುಗಳನ್ನು ಬೇರೆ ಅಭಿವೃದ್ಧಿ ಯೋಜನೆಗಳಿಂದ ಮಾಡಬೇಕು, ಇದರಿಂದಲ್ಲ. ಅಂದರೆ ನಮ್ಮಂಥ ಸಣ್ಣ ಊರಿಗೇ ಅಂತ ಇಟ್ಟ ದುಡ್ಡು ಇದು. ಆದರೆ ಇದು ತಾನಾಗಿ ಹುಡುಕಿಕೊಂಡು ಬರುವುದಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ವ್ಯವಸ್ಥಾಪನ ಪ್ರಾಧಿಕರಣಕ್ಕೆ ಪ್ರಸ್ತಾವ ಹೋಗಬೇಕು, ಅಲ್ಲಿಂದ ಮುಂಬಯಿಗೆ. ಪ್ರಸ್ತಾವ ಹೋಗದ ಊರಿನ ಹೆಸರು ಯಾದಿಯಲ್ಲಿ ಹೇಗೆ ಬರಬೇಕು? ನಿಮ್ಮ ಗ್ರಾಮಸಭೆಯ ನಡಾವಳಿ ಪುಸ್ತಕ ತೆಗೆಸಿ ನೋಡ್ರಿ. 2019ರಿಂದ ಈಚೆಗೆ ಪೂರದ ಬಗ್ಗೆ ಎಷ್ಟು ಠರಾವು ಆಗ್ಯಾವು, ಅದರಾಗ ಪರಿಹಾರ ಕೊಡ್ರಿ ಅನ್ನೋವು ಎಷ್ಟು, ಈ ಕೆಲಸ ಮಾಡ್ರಿ ಅನ್ನೋವು ಎಷ್ಟು, ಎಣಿಸ್ರಿ.

ದೊಡ್ಡ ದುಡ್ಡಿನ ಮಾತಿಗೂ ಬರೋಣ. 2021ರ ಪೂರ ಇಳಿದ ಮೇಲೆ ಆಗಸ್ಟಿನಲ್ಲಿ ಆಗಿನ ರಾಜ್ಯ ಸರ್ಕಾರ 11,500 ಕೋಟಿಯ ಪ್ಯಾಕೇಜ್ ಘೋಷಿಸಿತು. ಎಲ್ಲ ಪತ್ರಿಕೆಯಲ್ಲೂ ದಪ್ಪ ಅಕ್ಷರದಲ್ಲಿ ಬಂತು. ಬಿಡಿಸಿ ನೋಡಿದರೆ ತಕ್ಷಣದ ನೆರವಿಗೆ 1,500 ಕೋಟಿ, ಪುನರ್ನಿರ್ಮಾಣಕ್ಕೆ 3,000 ಕೋಟಿ, ಹಾನಿ ತಗ್ಗಿಸುವ ಕೆಲಸಕ್ಕೆ 7,000 ಕೋಟಿ. 100 ರೂಪಾಯಿಯಲ್ಲಿ 61 ರೂಪಾಯಿ ಮುಂದಿನ ಕೆಲಸಕ್ಕೆ. ಓದಲು ಎಷ್ಟು ಚೆಂದ! ಆದರೆ ಮನೆ ಸಾಲದ ಲೆಕ್ಕದಲ್ಲಿ ಹೇಳುವುದಾದರೆ ಆ 7,000 ಕೋಟಿ ಆಗಿನ್ನೂ ಅರ್ಜಿಯ ಹಂತದಲ್ಲಿತ್ತು. ಜನ ಮಾತ್ರ ಇಡೀ 11,500 ಕೋಟಿ ಹಂಚಿ ಆಯಿತು ಅಂತ ತಿಳಿದರು. ನಮ್ಮ ಕೌಂಟರಿಗೇ ಬಂದು ಕೇಳಿದವರಿದ್ದಾರೆ, ಅಷ್ಟು ಕೋಟಿಯೊಳಗ ನಮ್ಮ ಪಾಲು ಯಾವಾಗ ಬರ್ತೈತಿ ಅಂತ.

ಅದಾದ ಮೇಲೆ ವಿಶ್ವಬ್ಯಾಂಕಿನ ಯೋಜನೆ. ಕೊಲ್ಹಾಪುರ, ಸಾಂಗಲಿಯ ಪೂರ ತಗ್ಗಿಸಲು, ಪೂರದ ನೀರನ್ನು ಬರದ ಭಾಗಕ್ಕೆ ಒಯ್ಯಲು ಸುಮಾರು 3,200 ಕೋಟಿಯ ಲೆಕ್ಕ. ದೊಡ್ಡ ಪಾಲು ವಿಶ್ವಬ್ಯಾಂಕಿನ ಸಾಲ, ಉಳಿದದ್ದು ರಾಜ್ಯದ್ದು. ಸಾಲ ಅಂದ ಕೂಡಲೇ ಬ್ಯಾಂಕಿನವರ ಕಿವಿ ನೆಟ್ಟಗಾಗುತ್ತವೆ. ಸಾಲದ ಯೋಜನೆಗೆ ಒಂದು ಒಳ್ಳೆ ಗುಣ ಇದೆ: ಸಾಲ ಕೊಟ್ಟವನು ಕೆಲಸ ಆಯಿತೇ ಅಂತ ಬಂದು ನೋಡುತ್ತಾನೆ, ಕಾಗದ ಇಡಿಸುತ್ತಾನೆ, ಆ ಕಾಗದಗಳು ಬಹಳಷ್ಟು ಬಹಿರಂಗ ಇರುತ್ತವೆ. ಕೆಟ್ಟ ಗುಣ, ತೀರಿಸುವವರು ನಾವೇ, ನಮ್ಮ ಊರಿಗೆ ಕೆಲಸ ಬಂದಿರಲಿ ಬಿಡಲಿ. ಅದಕ್ಕೇ ಹಿರಣ್ಯಕೇಶಿ ದಂಡೆಯವರು, ಶಿರೋಳ ತಾಲೂಕಿನವರು ಆ ಯೋಜನೆಯ ಕೆಲಸಗಳ ಯಾದಿಯಲ್ಲಿ ನಮ್ಮ ಹಳ್ಳ, ನಮ್ಮ ಪೂಲು ಇದೆಯೇ ಅಂತ ಕಾಗದದ ಮೇಲೆ ಕೇಳಿ ಪಡೆಯಬೇಕು. ಪಂಚಗಂಗೆಯ ಹೆಸರು ದೊಡ್ಡದು, ಕೊಲ್ಹಾಪುರ ಶಹರ ದೊಡ್ಡದು. ಸಣ್ಣ ಹೊಳೆಯ ದಂಡೆಯವರು ಬಾಯಿ ಬಿಡದಿದ್ದರೆ ಸಾಲ ಎಲ್ಲರಿಗೂ, ಕೆಲಸ ಕೆಲವರಿಗೆ ಅಂತ ಆಗುತ್ತದೆ.

ಹಳೆಯ ಒಂದು ಮಾತು ನೆನಪಾಗುತ್ತದೆ. 1996ರಲ್ಲಿ ಮಹಾರಾಷ್ಟ್ರ ಕೃಷ್ಣಾ ಖೋರೆ ವಿಕಾಸ ಮಹಾಮಂಡಳ ಹುಟ್ಟಿತು. ಬಚಾವತ್ ತೀರ್ಪಿನ ಹಂಚಿಕೆಯನ್ನು 2000ದ ಮೇ 31ರ ನಂತರ ಮರುಪರಿಶೀಲಿಸಬಹುದಿತ್ತು. ಅಷ್ಟರೊಳಗೆ ನಮ್ಮ ಪಾಲಿನ ನೀರು ತಡೆದು ಹಿಡಿಯಬೇಕು ಅಂತ ಅವಸರ. ಬಾಂಡ್ ಮಾರಿ ದುಡ್ಡು ಎತ್ತಿದರು, ಊರೂರಿಗೆ ಧರಣದ ಕೆಲಸ ಹತ್ತಿತು. ನೀರು ಹಿಡಿದಿಡಲು ಅಷ್ಟು ಅವಸರ ಮಾಡಿದ ಸರ್ಕಾರ, ಹೆಚ್ಚಾದ ನೀರಿಗೆ ದಾರಿ ಬಿಡುವ ಕೆಲಸಕ್ಕೆ ಆ ಅವಸರದ ಕಾಲು ಭಾಗವನ್ನೂ ತೋರಿಸಲಿಲ್ಲ ಅಂತ ನಮಗನಿಸುತ್ತದೆ.

ಅಲಮಟ್ಟಿಯ ಮಾತು ಬೇಡ ಅಂದರೂ ಬಂದೇ ಬರುತ್ತದೆ. ಪೂರ ಬಂದ ಕೂಡಲೇ ಈ ಕಡೆಯವರು ಅಲಮಟ್ಟಿ ಅಂತಾರ, ಆ ಕಡೆಯವರು ಮಹಾರಾಷ್ಟ್ರದಿಂದ ನೀರು ಬಿಟ್ಟರು ಅಂತಾರ. ನಡುವ ಸಿಗೋರು ನಾವು. ಕನ್ನಡ ಮಾತಾಡಿದರೆ, ಹೋಗಿ ನಿಮ್ಮ ಸರ್ಕಾರಕ್ಕೆ ಹೇಳಿ ಅನ್ನುವವರೂ ಸಿಗುತ್ತಾರೆ. ಅವರಿಗೆ ಒಂದೇ ಉತ್ತರ ಇಟ್ಟುಕೊಳ್ರಿ. 2019ರ ಪೂರದ ಮೇಲೆ ಮಹಾರಾಷ್ಟ್ರ ಸರ್ಕಾರವೇ ನಂದಕುಮಾರ ವಡನೇರೆ ಅವರ ಸಮಿತಿ ನೇಮಿಸಿತ್ತು. 2020ರಲ್ಲಿ ಕೊಟ್ಟ ವರದಿಯಲ್ಲಿ ಆ ಸಮಿತಿ, ಆ ಸಲದ ಪೂರಕ್ಕೆ ಅಲಮಟ್ಟಿ, ಹಿಪ್ಪರಗಿ ಕಾರಣ ಅಲ್ಲ ಅಂದಿತು; ವಿಪರೀತ ಮಳೆ, ಹೊಳೆಯ ಪಾತ್ರದೊಳಗಿನ ಅತಿಕ್ರಮಣ ಇತ್ಯಾದಿಗಳನ್ನು ಎತ್ತಿ ಹೇಳಿತು. ಅಲಮಟ್ಟಿಯನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ವಾದ ಬೇರೆ, ಅದನ್ನು ಎರಡು ಸರ್ಕಾರ, ನ್ಯಾಯಾಧಿಕರಣ, ಸುಪ್ರೀಂ ಕೋರ್ಟು ನೋಡಿಕೊಳ್ಳಲಿ. ನಮ್ಮೂರ ಹಳ್ಳದಾಗ ಬೆಳೆದ ಜಾಲಿ ತೆಗೆಯಲು ಅಲಮಟ್ಟಿಯ ಅಪ್ಪಣೆ ಬೇಕಾಗಿಲ್ಲ.

ಈಗ ಸಣ್ಣ ಕೆಲಸ ಅಂದರೆ ಏನು? ಕೊಲ್ಹಾಪುರ ಮಾದರಿ ಬಂಧಾರೆ ಅಂತ ದೇಶಕ್ಕೆಲ್ಲ ಹೆಸರಾದದ್ದು ನಮ್ಮ ಜಿಲ್ಲೆಯದು. ಅದರ ಬರಗೆಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆಯಬೇಕು, ಮಳೆ ಮುಗಿದ ಮೇಲೆ ಹಾಕಬೇಕು. ತಡವಾದರೆ ಮೊದಲ ನೀರಿಗೇ ಕಸ, ಗಿಡದ ಟೊಂಗೆ ಬಂದು ಸಿಕ್ಕಿಕೊಳ್ಳುತ್ತವೆ, ದಂಡೆ ಕೊರೆಯುತ್ತದೆ. ಇದು ಕೋಟಿಯ ಮಾತಲ್ಲ, ಕೂಲಿಯ ಮಾತು. ಹಳ್ಳದ ಹೂಳು, ಗಿಡಗಂಟಿ ತೆಗೆಯುವುದು. ರಸ್ತೆಯ ಕೆಳಗಿನ ಪೈಪು ಕಿರಿದಾಗಿದ್ದರೆ ಮೋರಿ ದೊಡ್ಡದು ಮಾಡುವುದು. ಪೂಲಿನ ಎರಡೂ ಕಡೆ ರಸ್ತೆ ಎತ್ತರಿಸುವುದು. ಹಾಗೆ ಎತ್ತರಿಸುವಾಗ ಕೆಳಗೆ ನೀರಿಗೆ ಕಂಡಿ ಬಿಡದಿದ್ದರೆ ರಸ್ತೆಯೇ ಒಡ್ಡಾಗುತ್ತದೆ ಅನ್ನುವುದನ್ನು ಶಿರೋಲಿಯ ಹೆದ್ದಾರಿಯ ಭರಾವಿನ ಬಗ್ಗೆ ಕೊಲ್ಹಾಪುರದ ಜನ ವರ್ಷಗಟ್ಟಲೆ ಹೇಳುತ್ತ ಬಂದಿದ್ದಾರೆ. ಜನ, ದನ ಹೋಗಿ ನಿಲ್ಲಲು ಎತ್ತರದ ಜಾಗ, ಅಲ್ಲಿಗೆ ಹೋಗುವ ದಾರಿ, ಅಲ್ಲಿ ಕರೆಂಟು, ಸಂಡಾಸು.

ಒಂದೊಂದು ಕೆಲಸಕ್ಕೆ ಒಂದೊಂದು ಚೀಲ. ಊರೊಳಗಿನ ಗಟಾರ ಗ್ರಾಮಪಂಚಾಯತಿಯದು. ಬಂಧಾರೆ ಪಾಟಬಂಧಾರೆ ಖಾತೆಯದು. ಪೂಲು ರಸ್ತೆಯ ದರ್ಜೆ ನೋಡಿ ಜಿಲ್ಲಾ ಪರಿಷತ್ತಿನದೋ ಸಾರ್ವಜನಿಕ ಬಾಂಧಕಾಮದ್ದೋ ಆಗುತ್ತದೆ. ಇಚಲಕರಂಜಿ 2022ರಿಂದ ಮಹಾನಗರಪಾಲಿಕೆ, ಅದಕ್ಕೆ ನಗರೋತ್ಥಾನದ ದಾರಿಯೂ ಇದೆ. ಜಿಲ್ಲೆಯ ವಾರ್ಷಿಕ ಯೋಜನೆಯ ದುಡ್ಡು ಪಾಲಕಮಂತ್ರಿ ಅಧ್ಯಕ್ಷರಾಗಿರುವ ಜಿಲ್ಲಾ ನಿಯೋಜನ ಸಮಿತಿಯಲ್ಲಿ ಹಂಚಿಕೆಯಾಗುತ್ತದೆ. ತಪ್ಪು ಬಾಗಿಲು ತಟ್ಟಿದರೆ, ಇದು ನಮ್ಮ ಕಡೆ ಬರೂದಿಲ್ಲ ಅಂತ ಒಂದು ವರ್ಷ ಹೋಯಿತು. ಅರ್ಜಿ ಬರೆಯುವ ಮುಂಚೆ ಆ ಪೂಲು ಯಾರದು ಅನ್ನುವುದನ್ನು ಬರೆದುಕೊಡಿಸಿಕೊಳ್ಳಿ.

ಇನ್ನು ಕಾಗದದ ಮಾತು. ಮಹಾರಾಷ್ಟ್ರದಲ್ಲಿ ಎಲ್ಲಕ್ಕೂ ಜಿಆರ್, ಅಂದರೆ ಶಾಸನ ನಿರ್ಣಯ. ನಮಗೆ ಶಾಸನ ಅಂದರೆ ಖಿದ್ರಾಪುರದ ಕೋಪೇಶ್ವರ ಗುಡಿಯ ಕಲ್ಲಿನ ಮೇಲಿನ ಕನ್ನಡ. ಮರಾಠಿಯಲ್ಲಿ ಶಾಸನ ಅಂದರೆ ಸರ್ಕಾರ. ಈ ಜಿಆರುಗಳು ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಹೊಸಬರು ಮೇಲಿನಿಂದ ಓದಲು ಹೋಗಿ, ಸಂದರ್ಭ, ಪ್ರಸ್ತಾವನೆ ದಾಟುವುದರೊಳಗೆ ಬೇಸತ್ತು ಬಿಡುತ್ತಾರೆ. ನಮ್ಮ ಸಲಹೆ, ಕೆಳಗಿನಿಂದ ಓದ್ರಿ. ಕೊನೆಯ ಕಡೆ ಲೇಖಾಶೀರ್ಷ ಅಂತ ಇರುತ್ತದೆ, ಖರ್ಚು ಯಾವ ತಲೆಬರಹದಿಂದ ಅನ್ನುವುದು. ಅದು ಇಲ್ಲದಿದ್ದರೆ ಆ ಕಾಗದದಿಂದ ದುಡ್ಡು ಹೊರಡುವುದಿಲ್ಲ. ಪ್ರಶಾಸಕೀಯ ಮಾನ್ಯತಾ ಅಂತ ಇದ್ದರೆ ಕೆಲಸಕ್ಕೆ ಒಪ್ಪಿಗೆ ಸಿಕ್ಕಿದೆ, ದುಡ್ಡು ಬಂದಿಲ್ಲ. ತಾಂತ್ರಿಕ ಮಾನ್ಯತಾ ಅಂದರೆ ಇಂಜಿನಿಯರರು ಅಂದಾಜು ಒಪ್ಪಿದ್ದಾರೆ. ನಿಧಿ ವಿತರಿತ ಅನ್ನುವ ಶಬ್ದ ಬಂದಾಗ ಮಾತ್ರ ದುಡ್ಡು ಚಲಿಸಿದೆ. ಆಮೇಲೆ ನಿವಿದಾ, ಅಂದರೆ ಟೆಂಡರು. ಕೊನೆಗೆ ಕಾರ್ಯಾರಂಭ ಆದೇಶ. ಪೇಢೆ ಹಂಚುವುದಿದ್ದರೆ ಆ ದಿನ ಹಂಚ್ರಿ. ಯಾವ ಖಾತೆಗೆ ಎಷ್ಟು ಹಂಚಿಕೆ, ಎಷ್ಟು ಖರ್ಚು ಅನ್ನುವುದು ರಾಜ್ಯದ ಬೀಮ್ಸ್ ಅನ್ನುವ ವ್ಯವಸ್ಥೆಯಲ್ಲಿ ನಡೆಯುತ್ತದೆ. ಮಾರ್ಚ್ 31 ಮಾತ್ರ ನೆನಪಿರಲಿ. ಆ ವರ್ಷದ ದುಡ್ಡು ಆ ದಿನಕ್ಕೆ ಖರ್ಚಾಗದಿದ್ದರೆ ಸಾಮಾನ್ಯವಾಗಿ ತಿರುಗಿ ಹೋಗುತ್ತದೆ. ನಮ್ಮಲ್ಲಿ ನೆಲ ಒಣಗಿ ಕೆಲಸ ಮಾಡಲು ಬರುವುದು ದೀಪಾವಳಿ ಆದ ಮೇಲೆ. ಕಾಗದ ಫೆಬ್ರುವರಿಯಲ್ಲಿ ಬಂದರೆ ಕೆಲಸ ಯಾವಾಗ ಮಾಡಬೇಕು? ಆದ್ದರಿಂದ ಬೆನ್ನು ಹತ್ತುವುದಿದ್ದರೆ ಗಣಪತಿ ಹಬ್ಬದಿಂದಲೇ ಹತ್ತಬೇಕು.

ಭಾಷೆಯ ವಿಷಯ ಇಲ್ಲಿ ತಾನಾಗಿ ಬರುತ್ತದೆ. ಸಂವಿಧಾನದ 350ನೇ ಕಲಮಿನ ಪ್ರಕಾರ ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ತಹಸೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಕನ್ನಡದಲ್ಲಿ ಅರ್ಜಿ ಕೊಡುವುದು ನಮ್ಮ ಹಕ್ಕು. ಆದರೂ ಒಂದು ಮರಾಠಿ ಪ್ರತಿ ಲಗತ್ತಿಸಿ ಅನ್ನುತ್ತೇವೆ. ತಿಳಿಯಲಿಲ್ಲ ಅನ್ನುವ ನೆವ ಅವರ ಕೈಗೆ ಯಾಕೆ ಕೊಡಬೇಕು? ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಬೇರೆ. ಅದರ 6ನೇ ಕಲಮಿನಲ್ಲಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಅಂತ ಇದೆ. ಇಲ್ಲಿ ಅದು ಮರಾಠಿ. ಮಹಾರಾಷ್ಟ್ರದ ನಿಯಮದಲ್ಲಿ ಅರ್ಜಿ 150 ಶಬ್ದ ಮೀರಬಾರದು, ಒಂದೇ ವಿಷಯ ಇರಬೇಕು, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. 150 ಶಬ್ದದಾಗ ಸಿಟ್ಟಿಗೆ ಜಾಗ ಇರೂದಿಲ್ಲ, ಅದೂ ಒಳ್ಳೇದ. ಇಂಥ ಬಂಧಾರೆಯ ಬರಗೆ ಹೋದ ಮೂರು ವರ್ಷ ಯಾವ ಯಾವ ತಾರೀಕಿಗೆ ತೆಗೆದಿರಿ, ಖರ್ಚೆಷ್ಟು, ಬಿಲ್ಲಿನ ನಕಲು ಕೊಡಿ. ಇಷ್ಟು ಸಾಕು.

ಇನ್ನೊಂದು. ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ಕ್ಕಿಂತ ಹೆಚ್ಚಿರುವ ಕಡೆ ಮಹತ್ವದ ಸರ್ಕಾರಿ ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು ಅನ್ನುವುದು ಕೇಂದ್ರ, ರಾಜ್ಯಗಳು ಕೂಡಿ ಒಪ್ಪಿದ ರಕ್ಷಣೆಗಳಲ್ಲಿ ಒಂದು. ಪೂರದ ಮುನ್ಸೂಚನೆಗಿಂತ ಮಹತ್ವದ ಸೂಚನೆ ಯಾವುದಿದೆ? ಎಷ್ಟು ಅಡಿಗೆ ಬಂದರೆ ಮನೆ ಬಿಡಬೇಕು, ಎಲ್ಲಿಗೆ ಹೋಗಬೇಕು ಅನ್ನುವ ಫಲಕ ಮರಾಠಿ ಬಾರದ ಅಜ್ಜಿಗೆ ತಿಳಿಯುವ ಹಾಗೆ ಕನ್ನಡದಲ್ಲೂ ಇರಲಿ. ಊರಿನ ಗೋಡೆಯ ಮೇಲೆ 2019ರ, 2021ರ ನೀರಿನ ಗುರುತು ಬಣ್ಣದಲ್ಲಿ ಹಾಕಿಸುವುದಕ್ಕೆ ಯಾವ ಜಿಆರೂ ಬೇಡ, ಒಂದು ಡಬ್ಬಿ ಬಣ್ಣ ಬೇಕು.

ಹಾಂ, ನೀಲಿ ರೇಷೆ, ಕೆಂಪು ರೇಷೆ ಬಿಟ್ಟೇಬಿಟ್ಟಿದ್ದೆವು. 25 ವರ್ಷಕ್ಕೊಮ್ಮೆ ಬರಬಹುದಾದ ಪೂರದ ಗಡಿ ನೀಲಿ, 100 ವರ್ಷದ್ದು ಕೆಂಪು. ನಿಮ್ಮ ಊರ ಹತ್ತಿರ ಹೊಸ ಪ್ಲಾಟು ಬೀಳುತ್ತಿದ್ದರೆ ಈ ಗೆರೆ ಎಲ್ಲಿದೆ ಅಂತ ಕೇಳದೆ ಸಾಲಕ್ಕೆ ಬ್ಯಾಂಕಿಗೆ ಬರಬ್ಯಾಡ್ರಿ. ಇಚಲಕರಂಜಿ, ಕೊಲ್ಹಾಪುರದಲ್ಲಿ ಅಗ್ಗದ ಜಾಗ ಅಂತ ತಗೊಂಡು ಎರಡು ಸಲ ನೀರಿನಾಗ ನಿಂತವರ ಕಂತು ನಿಂತಿಲ್ಲ.

ಗ್ರಾಮಸಭೆ ವರ್ಷಕ್ಕೆ ನಾಲ್ಕು ಸಲ, ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಸುತ್ತ. ಮೇ ತಿಂಗಳ ಸಭೆಯಲ್ಲಿ ಬರಗೆ, ಹಳ್ಳ, ಎತ್ತರದ ಜಾಗ ಕೇಳ್ರಿ. ಅಕ್ಟೋಬರಿನ ಸಭೆಯಲ್ಲಿ ಕೆಲಸದ ಠರಾವು ಮಾಡಿಸ್ರಿ. ಠರಾವಿನಲ್ಲಿ ಕೆಲಸದ ಹೆಸರು, ಜಾಗ, ಉದ್ದ ಅಗಲ, ಎಷ್ಟು ಮನೆಗೆ ಉಪಯೋಗ ಅನ್ನುವುದು ಇರಲಿ. ಪೂರ ತಡೆಯಿರಿ ಅಂತ ಬರೆದರೆ ಅದಕ್ಕೆ ಯಾರೂ ಅಂದಾಜು ಹಾಕಲಾರರು. ಠರಾವಿನ ನಕಲು, ನೀರು ನಿಂತಾಗಿನ ತಾರೀಕು ಇರುವ ಫೋಟೋ, ಪಂಚನಾಮೆಯ ಯಾದಿ, ಮೂರನ್ನೂ ಹಚ್ಚಿ ಜಿಲ್ಲಾಧಿಕಾರಿ ಕಚೇರಿಯ ಆವಕದಲ್ಲಿ ಕೊಟ್ಟು ಶಿಕ್ಕೆ ಹೊಡೆಸಿಕೊಂಡ ಪ್ರತಿ ಮನೆಯಲ್ಲಿ ಇಟ್ಟುಕೊಳ್ರಿ.

ಜಿಆರ್ ಓದೂದು ಕಷ್ಟ ಅನ್ನೋರು ಊಟ ಆದ ಮ್ಯಾಲ ಇಲ್ಲೇ ಕೂಡ್ರಿ. ನಾಲ್ಕು ಜಿಆರ್ ಛಾಪಿಸಿ ತಂದೀವಿ, ಕೆಳಗಿನಿಂದ ಓದಿಕೊಂಡು ಹೋಗೋಣ. ಶಿರೋಳದ ಕೊನೇ ಬಸ್ಸಿನವರು ಮೊದಲು ಪ್ರಶ್ನೆ ಕೇಳ್ರಿ.